ಏರ್ ಬ್ರಶ್: ಬಳಕೆ, ಪಾಲನೆ ಮತ್ತು ಸಂಯಮ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಯುವಜನರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯಕ್ಕೆ ಸುಣ್ಣಬಣ್ಣ ಮಾಡಿಸಬೇಕು, ತೇರನ್ನು ದುರಸ್ತಿಗೊಳಿಸಬೇಕು, ಗೋದಲಿಯ ಬೊಂಬೆಗಳಿಗೂ ಪೀಠದ ಮೇಲಿನ ಸ್ವರೂಪಗಳಿಗೂ ಹೊಸ ಕಾಂತಿಯನ್ನು ತರಬೇಕು ಎಂಬ ಉತ್ಸಾಹವು ಸಹಜವಾದುದೇ ಆಗಿದೆ. ಆ ಉತ್ಸಾಹದಿಂದಲೇ ತಾವು ಏರ್ ಬ್ರಶ್ ಎಂಬ ಉಪಕರಣದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮನ್ನು ಕೇಳಿಕೊಂಡಿದ್ದೀರಿ. ನಾವು ಹೇಳಬೇಕೆಂದಿರುವುದರ ತಿರುಳನ್ನು ಆರಂಭದಲ್ಲಿಯೇ ತಿಳಿಸಿಬಿಡುತ್ತೇವೆ. ಈ ಉಪಕರಣದಲ್ಲಿ ಬಣ್ಣ ಹಾಕುವ ಕೆಲಸ ಅರ್ಧ, ಅದನ್ನು ಶುಚಿಯಾಗಿಡುವ ಕೆಲಸ ಇನ್ನರ್ಧ. ಇವೆರಡನ್ನೂ ಕಲಿತವನು ಎಲ್ಲಿ ಬಣ್ಣ ಹಾಕಬಾರದು ಎಂಬುದನ್ನೂ ಅರಿತಿರಬೇಕು.

ಗಾಳಿಯ ಬಲದಿಂದ ಬಣ್ಣವನ್ನು ಮಂಜಿನಂತೆ ಸೂಸುವ ಈ ಸಾಧನವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅಮೆರಿಕದ ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ ಎಂಬವರು 1876ರಲ್ಲಿ ಇಂತಹ ಒಂದು ಸಾಧನಕ್ಕೆ ಪೇಟೆಂಟ್ ಪಡೆದರು. ಮುಂದೆ ತಮ್ಮ ಅವಳಿ ಸೋದರನೊಂದಿಗೆ ಉಗಿಯಿಂದ ಓಡುವ ಮೋಟಾರು ಗಾಡಿಗಳನ್ನು ತಯಾರಿಸಿ ಹೆಸರು ಗಳಿಸಿದವರೂ ಇವರೇ. 1879ರಲ್ಲಿ ಅಯೋವ ಪ್ರಾಂತದ ಆಬ್ನರ್ ಪೀಲರ್ ಬಣ್ಣ ಹರಡುವ ಇನ್ನೊಂದು ಯಂತ್ರವನ್ನು ರಚಿಸಿದರು. ಅದರ ಹಕ್ಕನ್ನು ಕೊಂಡ ಲಿಬರ್ಟಿ ವಾಕಪ್ ಅವರು ಅದನ್ನು ಸುಧಾರಿಸಿ ಏರ್ ಬ್ರಶ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಗಾಳಿಯೂ ಬಣ್ಣವೂ ಉಪಕರಣದ ತಲೆಯೊಳಗೇ ಕೂಡುವ, ಲೇಖನಿಯಂತೆ ಕೈಯಲ್ಲಿ ಹಿಡಿಯಬಹುದಾದ ರೂಪವನ್ನು 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಎಂಬ ಚಿತ್ರಕಾರರು ಕೊಟ್ಟರು. ನಾವು ಇಂದು ಹಿಡಿಯುವ ಏರ್ ಬ್ರಶ್ ಮೂಲತಃ ಅದೇ.

ಛಾಯಾಚಿತ್ರಗಳನ್ನು ತಿದ್ದುವುದು ಬಹುಕಾಲ ಇದರ ಮುಖ್ಯ ಉದ್ಯೋಗವಾಗಿತ್ತು. ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವುದು, ಹಿನ್ನೆಲೆಯನ್ನು ಮೃದುಗೊಳಿಸುವುದು ಮುಂತಾದ ಒಳ್ಳೆಯ ಕೆಲಸಗಳ ಜೊತೆಗೆ, ಇದ್ದವರನ್ನು ಇಲ್ಲವೆನ್ನಿಸುವ ಕೆಲಸಕ್ಕೂ ಇದು ಒದಗಿತು. ಸ್ಟಾಲಿನ್ನನ ಕಾಲದ ಸೋವಿಯತ್ ರಷ್ಯದಲ್ಲಿ ಅಧಿಕಾರದಿಂದ ಬಿದ್ದವರನ್ನು ಹಳೆಯ ಚಿತ್ರಗಳಿಂದ ಅಳಿಸಿಹಾಕುತ್ತಿದ್ದರು. ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಿಂತಿದ್ದ ನಿಕೊಲಾಯ್ ಯೆಜೊವ್, 1940ರಲ್ಲಿ ಮರಣದಂಡನೆಗೆ ಗುರಿಯಾದ ಮೇಲೆ, ಅದೇ ಚಿತ್ರದಲ್ಲಿ ಕಾಣದಂತಾದನು. ಅವನು ನಿಂತಿದ್ದ ಕಡೆ ಬರಿಯ ನೀರು ಉಳಿಯಿತು. 1990ರಲ್ಲಿ ಫೋಟೋಶಾಪ್ ಎಂಬ ಗಣಕಯಂತ್ರದ ಸಾಧನವು ಮಾರುಕಟ್ಟೆಗೆ ಬಂದ ಮೇಲೆ ಛಾಯಾಚಿತ್ರ ತಿದ್ದುವ ಕೆಲಸವು ಕ್ರಮೇಣ ಅತ್ತ ಸರಿಯಿತು. ಆದರೆ ಕೈಯಿಂದ ಮುಟ್ಟಬಹುದಾದ ವಸ್ತುಗಳಿಗೆ, ಎಂದರೆ ಪ್ರತಿಮೆಗಳಿಗೆ, ವಾಹನಗಳಿಗೆ, ಸಣ್ಣ ಮಾದರಿಗಳಿಗೆ, ಕೇಕುಗಳಿಗೆ ಸಹ, ಬಣ್ಣ ಹಾಕಲು ಏರ್ ಬ್ರಶ್ ಇಂದಿಗೂ ಬಳಕೆಯಲ್ಲಿದೆ. ಒಂದು ಮುಖಕ್ಕೆ ಜೀವಕಳೆಯನ್ನು ಕೊಡಬಲ್ಲ ಸಾಧನವೇ ಒಂದು ಮುಖವನ್ನು ಗುರುತು ಸಿಗದಂತೆ ಮುಚ್ಚಿಬಿಡಲೂ ಬಲ್ಲದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಉಪಕರಣದ ರಚನೆ ಸರಳವಾದುದು. ಮುಂತುದಿಯಲ್ಲಿ ನಾಜಲ್ ಎಂಬ ಅತಿ ಸಣ್ಣ ಮೂತಿ ಇದೆ. ಅದರ ರಂಧ್ರವು 0.2, 0.3 ಅಥವಾ 0.5 ಮಿಲಿಮೀಟರ್ ಅಗಲವಿರುತ್ತದೆ. ಆ ರಂಧ್ರದಲ್ಲಿ ಮೊನಚಾದ ಒಂದು ಉದ್ದನೆಯ ಸೂಜಿ ಕುಳಿತು ಅದನ್ನು ಮುಚ್ಚಿಕೊಂಡಿರುತ್ತದೆ. ಟ್ರಿಗರ್ ಎಳೆದಾಗ ಸೂಜಿಯು ಹಿಂದೆ ಸರಿದು ಬಣ್ಣಕ್ಕೆ ದಾರಿ ಬಿಡುತ್ತದೆ. ಮೂತಿಯ ಸುತ್ತಲೂ ವೇಗವಾಗಿ ನುಗ್ಗುವ ಗಾಳಿಯು ಆ ಬಣ್ಣವನ್ನು ಹೊರಕ್ಕೆ ಸೆಳೆದು ಸೂಕ್ಷ್ಮ ಕಣಗಳಾಗಿ ಒಡೆಯುತ್ತದೆ. ಟ್ರಿಗರ್ ಒತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೇ ಬರುವಂಥದು ಒಂದು ಬಗೆ. ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ, ಹೀಗೆ ಎರಡು ಚಲನೆಗಳುಳ್ಳದು ಇನ್ನೊಂದು ಬಗೆ. ಸೂಕ್ಷ್ಮ ಕೆಲಸಕ್ಕೆ ಎರಡನೆಯದೇ ತಕ್ಕುದು. ಬಣ್ಣದ ಬಟ್ಟಲು ಮೇಲೆ ಇರುವ ಏರ್ ಬ್ರಶ್ಶಿಗೆ ಬಣ್ಣವು ತನ್ನ ಭಾರದಿಂದಲೇ ಇಳಿಯುವುದರಿಂದ ಕಡಿಮೆ ಒತ್ತಡದಲ್ಲಿಯೂ ಅದು ಕೆಲಸ ಮಾಡುತ್ತದೆ. ಬಣ್ಣದ ಶೀಶೆಯು ಕೆಳಗೆ ತೂಗುವಂಥದು ವಿಸ್ತಾರವಾದ ಜಾಗಗಳಿಗೆ ಅನುಕೂಲ. ಮುಖ ಕೈಗಳ ಕೆಲಸಕ್ಕೆ 0.2 ಅಥವಾ 0.3ರ ನಾಜಲ್, ಉಡುಪಿನ ಕೆಲಸಕ್ಕೆ 0.5ರದು ಸಾಕು.

ಗಾಳಿಯನ್ನು ಒದಗಿಸಲು ಕಂಪ್ರೆಸರ್ ಬೇಕು. ಗಾಳಿಯನ್ನು ಕೂಡಿಟ್ಟುಕೊಳ್ಳುವ ತೊಟ್ಟಿಯುಳ್ಳ ಕಂಪ್ರೆಸರ್ ಆದರೆ ಗಾಳಿಯು ನಾಡಿಯಂತೆ ಮಿಡಿಯದೆ ಸಮನಾಗಿ ಬರುತ್ತದೆ. ಒತ್ತಡವನ್ನು ಹೊಂದಿಸುವ ರೆಗ್ಯುಲೇಟರ್ ಮತ್ತು ಗಾಳಿಯೊಳಗಿನ ನೀರನ್ನು ಹಿಡಿದಿಡುವ ಬಟ್ಟಲು ಇವೆರಡೂ ಇರಲೇಬೇಕು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚು. ಆ ತೇವವು ತೊಟ್ಟಿಯ ತಳದಲ್ಲಿ ನೀರಾಗಿ ನಿಂತು, ಕೆಲಸದ ನಡುವೆ ಒಂದು ಹನಿಯಾಗಿ ಹಾರಿ ಬಂದು, ಗಂಟೆಗಳ ಪರಿಶ್ರಮವನ್ನು ಕೆಡಿಸಿಬಿಡುತ್ತದೆ. ಆದುದರಿಂದ ಪ್ರತಿದಿನ ಕೆಲಸ ಮುಗಿದ ಮೇಲೆ ತೊಟ್ಟಿಯ ಕೆಳಗಿನ ತಿರುಪನ್ನು ಬಿಚ್ಚಿ ನೀರನ್ನು ಹರಿಯಬಿಡಬೇಕು. ಗ್ಯಾರೇಜಿನ ದೊಡ್ಡ ಕಂಪ್ರೆಸರ್ ಬಳಸುವವರು ಅದರ ಎಣ್ಣೆಯ ಅಂಶವು ಗಾಳಿಯೊಡನೆ ಬಾರದಂತೆ ಶೋಧಕವನ್ನು ಅಳವಡಿಸಬೇಕು. ಎಣ್ಣೆ ಬಿದ್ದ ಕಡೆ ಬಣ್ಣವು ಹಿಡಿಯದೆ ಸಣ್ಣ ಸಣ್ಣ ಕುಳಿಗಳಾಗುತ್ತವೆ.

ಒತ್ತಡವು ಎಷ್ಟಿರಬೇಕು? ಹೆಚ್ಚು ಒತ್ತಡವಿದ್ದರೆ ಹೆಚ್ಚು ಚೆನ್ನಾದ ಕೆಲಸವೆಂದು ಹೊಸಬರು ಭಾವಿಸುವುದುಂಟು. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಸೂಕ್ಷ್ಮ ರೇಖೆಗಳಿಗೆ ಚದರ ಅಂಗುಲಕ್ಕೆ 10ರಿಂದ 20 ಪೌಂಡ್, ಉಡುಪಿನಂಥ ಅಗಲವಾದ ಭಾಗಗಳಿಗೆ 20ರಿಂದ 30 ಪೌಂಡ್ ಒತ್ತಡವು ಸಾಮಾನ್ಯವಾಗಿ ಸಾಕಾಗುತ್ತದೆ. ಒತ್ತಡವನ್ನು ತಗ್ಗಿಸಿದಷ್ಟೂ ಕೈಯನ್ನು ಹತ್ತಿರಕ್ಕೆ ತರಬಹುದು. ಆದರೆ ಒತ್ತಡ ತಗ್ಗಿದಂತೆಲ್ಲ ಬಣ್ಣವೂ ತೆಳ್ಳಗಾಗಬೇಕು, ಇಲ್ಲವಾದರೆ ಅದು ಕಾಳುಕಾಳಾಗಿ ಬೀಳುತ್ತದೆ.

ಬಣ್ಣದ ಹದವೇ ಈ ವಿದ್ಯೆಯ ಅಡಿಗಲ್ಲು. ಅದು ಹಾಲಿನಂತಿರಬೇಕೆಂದು ಬಲ್ಲವರು ಹೇಳುತ್ತಾರೆ. ಬಟ್ಟಲಿನ ಗೋಡೆಗೆ ಒಂದು ಹನಿಯನ್ನು ಸವರಿದರೆ ಅದು ತಡೆಯಿಲ್ಲದೆ ಕೆಳಗಿಳಿದು, ಹಿಂದೆ ತೆಳುವಾದ ಒಂದು ಪೊರೆಯನ್ನು ಉಳಿಸಬೇಕು. ಗಟ್ಟಿಯಾಗಿ ನಿಂತರೆ ಇನ್ನಷ್ಟು ತೆಳ್ಳಗೆ ಮಾಡಬೇಕು. ನೀರಿನಂತೆ ಜಾರಿ ಏನೂ ಉಳಿಯದಿದ್ದರೆ ಬಣ್ಣ ಸೇರಿಸಬೇಕು. ಆಕ್ರಿಲಿಕ್ ಬಣ್ಣಕ್ಕೆ ನೀರು ಅಥವಾ ಅದಕ್ಕೆಂದೇ ತಯಾರಿಸಿದ ದ್ರಾವಣ, ಎನಾಮಲ್ ಬಣ್ಣಕ್ಕೆ ಟರ್ಪೆಂಟೈನ್, ಲ್ಯಾಕರ್ ಬಣ್ಣಕ್ಕೆ ಅದರದೇ ಥಿನ್ನರ್, ಹೀಗೆ ಒಂದೊಂದಕ್ಕೂ ತಕ್ಕುದನ್ನೇ ಬಳಸಬೇಕು. ಒಂದರದನ್ನು ಇನ್ನೊಂದಕ್ಕೆ ಬೆರೆಸಿದರೆ ಬಣ್ಣವು ಮೊಸರಿನಂತೆ ಒಡೆದು ನಾಜಲ್ಲಿನಲ್ಲಿ ಕಟ್ಟಿಕೊಳ್ಳುತ್ತದೆ. ಬಣ್ಣವನ್ನು ಬೇರೆ ಪಾತ್ರೆಯಲ್ಲಿ ಕಲಸಿ, ತೆಳುವಾದ ನೈಲಾನ್ ಬಟ್ಟೆಯಲ್ಲಿ ಸೋಸಿ, ಆ ಮೇಲೆಯೇ ಬಟ್ಟಲಿಗೆ ಹಾಕಬೇಕು. ಕೂದಲೆಳೆಯಷ್ಟು ರಂಧ್ರಕ್ಕೆ ಒಂದು ಧೂಳಿನ ಕಣವೂ ಬಂಡೆಯೇ ಸರಿ.

ಅಭ್ಯಾಸವನ್ನು ಪ್ರತಿಮೆಯ ಮೇಲೆ ಮಾಡಬಾರದು, ಹಳೆಯ ವರ್ತಮಾನ ಪತ್ರಿಕೆಯ ಮೇಲೆ ಮಾಡಬೇಕು. ಮೊದಲು ಗಾಳಿ, ಅನಂತರ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಕೊನೆಗೆ ಗಾಳಿ. ಈ ಕ್ರಮವು ಬೆರಳಿಗೆ ಅಭ್ಯಾಸವಾಗುವವರೆಗೆ ಬೇರೆ ಪಾಠವೇ ಬೇಡ. ಈ ಕ್ರಮ ತಪ್ಪಿದರೆ ಮೂತಿಯಲ್ಲಿ ಉಳಿದ ಹನಿಯು ಮುಂದಿನ ಒತ್ತಿಗೆ ಚಿಮ್ಮಿ ಬೀಳುತ್ತದೆ. ಬಳಿಕ ಒಂದೇ ಗಾತ್ರದ ಚುಕ್ಕಿಗಳನ್ನು ಸಾಲಾಗಿ ಇಡುವುದು, ಚುಕ್ಕಿಗಳನ್ನು ಕೂಡಿಸಿ ರೇಖೆ ಎಳೆಯುವುದು, ದಪ್ಪವಾಗಿ ತೊಡಗಿ ಕಠಾರಿಯ ಮೊನೆಯಂತೆ ಸಣ್ಣಗಾಗುವ ಗೀರುಗಳನ್ನು ಎಳೆಯುವುದು, ಕಡುಬಣ್ಣದಿಂದ ಬಿಳುಪಿನವರೆಗೆ ಗಡಿ ಕಾಣದಂತೆ ಇಳಿಯುವುದು, ಇವುಗಳನ್ನು ಕಲಿಯಬೇಕು. ಕೈ ಚಲಿಸುತ್ತಿರುವಾಗಲೇ ಬಣ್ಣವನ್ನು ಬಿಡಬೇಕು, ಕೈ ನಿಲ್ಲುವ ಮೊದಲೇ ತಡೆಯಬೇಕು. ಸಣ್ಣ ರೇಖೆಗೆ ಮೂತಿಯು ಒಂದು ಸೆಂಟಿಮೀಟರಿಗಿಂತಲೂ ಹತ್ತಿರವಿರಬಹುದು. ಮೃದುವಾದ ನೆರಳಿಗೆ 10ರಿಂದ 15 ಸೆಂಟಿಮೀಟರ್ ದೂರವಿರಬೇಕು.

ಈಗ ಹೊಸದಾಗಿ ಎರಕ ಹೊಯ್ದ ಫೈಬರ್ ಗ್ಲಾಸ್ ಅಥವಾ ಪ್ಲಾಸ್ಟರ್ ಪ್ರತಿಮೆಯೊಂದನ್ನು ಎದುರಿಗಿಟ್ಟುಕೊಳ್ಳೋಣ. ಅದನ್ನು ನಯಗೊಳಿಸಿ, ಧೂಳು ತೆಗೆದು, ಪ್ರೈಮರ್ ಹಾಕಿ ಒಣಗಿಸಬೇಕು. ಮುಖಕ್ಕೆ ಚರ್ಮದ ಮೂಲವರ್ಣವನ್ನು ತೆಳುವಾಗಿ ಎರಡು ಮೂರು ಸಲ ಹಾಕಬೇಕು. ಅದು ಒಣಗಿದ ಮೇಲೆ ಕಂದುಬಣ್ಣಕ್ಕೆ ತುಸು ಕೆಂಪು ಬೆರೆಸಿ, ಬಹಳ ತೆಳ್ಳಗೆ ಮಾಡಿ, ಕೆನ್ನೆಯ ಎಲುಬಿನ ಕೆಳಗೆ, ಕಣ್ಣಿನ ಗುಳಿಯಲ್ಲಿ, ಮೂಗಿನ ಪಕ್ಕದಲ್ಲಿ, ಬೆರಳಿನ ಗೆಣ್ಣುಗಳಲ್ಲಿ ನೆರಳನ್ನು ತರಬೇಕು. ಒಂದೇ ಸಲಕ್ಕೆ ಕಾಣುವಂತೆ ಹಾಕಿದ ನೆರಳು ಕೊಳೆಯಂತೆ ತೋರುತ್ತದೆ. ಹಾಕಿದೆವೋ ಇಲ್ಲವೋ ಎಂಬಷ್ಟು ತೆಳುವಾಗಿ ಹತ್ತು ಸಲ ಹಾಕಿದ ನೆರಳು ರಕ್ತಮಾಂಸದಂತೆ ತೋರುತ್ತದೆ. ಉಡುಪಿನ ಮಡಿಕೆಗಳಲ್ಲಿ ತಗ್ಗಿಗೆ ಕಡುಬಣ್ಣ, ಉಬ್ಬಿಗೆ ತಿಳಿಬಣ್ಣ. ಅಂಚು ಸ್ಪಷ್ಟವಾಗಿರಬೇಕಾದ ಕಡೆ ಕತ್ತರಿಸಿದ ಕಾಗದವನ್ನು ಅಡ್ಡ ಹಿಡಿಯಬೇಕು. ಕಾಗದವನ್ನು ಒತ್ತಿ ಹಿಡಿದರೆ ಅಂಚು ಚೂಪಾಗುತ್ತದೆ, ತುಸು ಎತ್ತಿ ಹಿಡಿದರೆ ಮೃದುವಾಗುತ್ತದೆ. ಕಣ್ಣಿನ ಪಾಪೆ, ರೆಪ್ಪೆಯ ಕೂದಲು, ತುಟಿಯ ನಡುವಣ ಗೆರೆ ಇವುಗಳನ್ನು ಮಾತ್ರ ಏರ್ ಬ್ರಶ್ಶಿಗೆ ಒಪ್ಪಿಸದೆ ಸಣ್ಣ ಕುಂಚದಿಂದ ಬರೆಯುವುದೇ ಲೇಸು. ನೋಟವು ನೆಲೆಗೊಳ್ಳುವುದು ಅಲ್ಲಿ. ಮಂಜಿನಂಥ ಬಣ್ಣವು ಅಲ್ಲಿಗೆ ಸಲ್ಲದು.

ಕೆಲಸದ ನಡುವೆ ದೋಷಗಳು ತೋರುತ್ತವೆ. ಅವು ಉಪಕರಣವು ಆಡುವ ಭಾಷೆ ಎಂದು ತಿಳಿದು ಕೇಳಿಸಿಕೊಳ್ಳಬೇಕು. ಬಣ್ಣವು ಜೇಡರ ಕಾಲುಗಳಂತೆ ಎಲ್ಲ ದಿಕ್ಕಿಗೂ ಹರಿದರೆ ಬಣ್ಣವು ಅತಿಯಾಗಿದೆ ಅಥವಾ ಅತಿ ತೆಳ್ಳಗಾಗಿದೆ ಎಂದರ್ಥ. ಮೂತಿಯು ತೀರ ಸಮೀಪವಿದ್ದರೂ ಹೀಗಾಗುತ್ತದೆ. ಬಣ್ಣವು ಕಾಳುಕಾಳಾಗಿ ಬಿದ್ದರೆ ಅದು ದಪ್ಪವಾಗಿದೆ ಅಥವಾ ಒತ್ತಡವು ಸಾಲದು. ರೇಖೆಯು ಒಂದು ಪಕ್ಕಕ್ಕೆ ವಾಲಿದರೆ ಸೂಜಿಯ ಮೊನೆ ಬಾಗಿರಬಹುದು. ಟ್ರಿಗರ್ ಎಳೆಯದಿದ್ದರೂ ಬಣ್ಣ ಬಂದರೆ ಸೂಜಿಯು ತನ್ನ ಸ್ಥಾನದಲ್ಲಿ ಸರಿಯಾಗಿ ಕುಳಿತಿಲ್ಲ. ಬಟ್ಟಲಿನೊಳಗೆ ಗುಳ್ಳೆಗಳೆದ್ದರೆ ಗಾಳಿಯು ಹಿಮ್ಮುಖವಾಗಿ ನುಗ್ಗುತ್ತಿದೆ. ನಾಜಲ್ ಸಡಿಲವಾಗಿದೆ, ಕಟ್ಟಿಕೊಂಡಿದೆ ಅಥವಾ ಸೀಳಿದೆ. ಆಕ್ರಿಲಿಕ್ ಬಣ್ಣವಾದರೆ ಸೂಜಿಯ ತುದಿಯಲ್ಲಿಯೇ ಒಣಗಿ ನಿಂತು ದಾರಿ ಕಟ್ಟುವುದು ಪದೇ ಪದೇ ಆಗುತ್ತದೆ. ಒದ್ದೆ ಮಾಡಿದ ಮೃದು ಕುಂಚದಿಂದ ಆ ತುದಿಯನ್ನು ಆಗಾಗ ಸವರುತ್ತಿದ್ದರೆ ಸಾಕು. ಹೀಗಿರುವಾಗ ಒತ್ತಡವನ್ನು ಏರಿಸಿ ದೋಷವನ್ನು ಓಡಿಸಲು ಹೊರಡುವುದು ಜ್ವರ ಬಂದವನನ್ನು ಓಡಿಸಿದಂತೆ.

ಇನ್ನು ಪಾಲನೆಯ ವಿಷಯ. ಬಣ್ಣ ಬದಲಿಸುವಾಗಲೆಲ್ಲ ಬಟ್ಟಲನ್ನು ಬರಿದು ಮಾಡಿ, ಒರಸಿ, ತಕ್ಕ ದ್ರವವನ್ನು ಹಾಕಿ, ಅದು ನಿರ್ಮಲವಾಗಿ ಬರುವವರೆಗೆ ಸಿಂಪಡಿಸಬೇಕು. ಮೂತಿಯ ಬಾಯನ್ನು ಬಟ್ಟೆಯಿಂದ ಹಗುರವಾಗಿ ಮುಚ್ಚಿ ಟ್ರಿಗರ್ ಎಳೆದರೆ ಗಾಳಿಯು ಬಟ್ಟಲಿಗೆ ಹಿಂದಿರುಗಿ ಮೂಲೆಯಲ್ಲಿ ಅಡಗಿದ ಬಣ್ಣವನ್ನು ಎಬ್ಬಿಸುತ್ತದೆ. ಸಿಂಪಡಿಸಿದ ದ್ರವವು ಕೋಣೆಗೆ ಹರಡದಂತೆ ಮುಚ್ಚಳವುಳ್ಳ ಒಂದು ಡಬ್ಬಿಗೆ ಬಿಡುವುದು ಒಳ್ಳೆಯದು. ದಿನದ ಕೆಲಸ ಮುಗಿದ ಮೇಲೆ ಹಿಂಬದಿಯ ತಿರುಪನ್ನು ಸಡಿಲಿಸಿ ಸೂಜಿಯನ್ನು ಹೊರಗೆಳೆಯಬೇಕು. ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಹಿಡಿದು, ದಪ್ಪ ಭಾಗದಿಂದ ಮೊನೆಯ ಕಡೆಗೆ, ತಿರುಗಿಸುತ್ತಾ ಒರಸಬೇಕು. ಮೊನೆಯಿಂದ ಹಿಂದಕ್ಕೆ ಒರಸಿದರೆ ಬಟ್ಟೆಗೆ ಸಿಕ್ಕಿ ಮೊನೆ ಬಾಗುತ್ತದೆ, ಬೆರಳಿಗೂ ಚುಚ್ಚುತ್ತದೆ. ನಾಜಲ್ ಬಿಚ್ಚಬಹುದಾದ ಉಪಕರಣವಾದರೆ ಅದರದೇ ಸ್ಪ್ಯಾನರಿನಿಂದ, ಬಿಳಿಯ ಬಟ್ಟೆಯನ್ನು ಹಾಸಿಕೊಂಡು ಬಿಚ್ಚಬೇಕು. ಸಾಸಿವೆಯ ಗಾತ್ರದ ಆ ವಸ್ತುವು ನೆಲಕ್ಕೆ ಬಿದ್ದರೆ ಸಿಕ್ಕುವುದು ದುರ್ಲಭ.

ಮಾಡಬಾರದ ಕೆಲಸಗಳೂ ಇವೆ. ಕಟ್ಟಿಕೊಂಡ ನಾಜಲ್ಲಿಗೆ ಹೊಲಿಗೆಯ ಸೂಜಿಯನ್ನಾಗಲಿ ಗುಂಡುಸೂಜಿಯನ್ನಾಗಲಿ ತೂರಿಸಬಾರದು. ರಂಧ್ರವು ಒಂದು ಕಡೆ ಅಗಲವಾದರೆ ಆ ನಾಜಲ್ ಮುಗಿಯಿತು. ದ್ರವದಲ್ಲಿ ನೆನೆಸಿ, ಮೃದುವಾದ ಸಣ್ಣ ಬ್ರಶ್ಶಿನಿಂದ ಬಿಡಿಸಬೇಕು. ಇಡೀ ಏರ್ ಬ್ರಶ್ಶನ್ನು ಥಿನ್ನರಿನಲ್ಲಿ ಮುಳುಗಿಸಿಡಬಾರದು. ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಕೆಡುತ್ತವೆ. ಸೂಜಿಯನ್ನು ಮರಳಿ ಹಾಕುವಾಗ ತಡೆ ಸಿಕ್ಕಿದೊಡನೆ ನಿಲ್ಲಿಸಬೇಕು. ಬಲವಾಗಿ ದೂಡಿದರೆ ನಾಜಲ್ ಸೀಳುತ್ತದೆ. ಟ್ರಿಗರ್ ಬಿಗಿಯಾದರೆ ಅದಕ್ಕೆಂದೇ ಇರುವ ಎಣ್ಣೆಯ ಒಂದೇ ಹನಿ ಸಾಕು. ಅಡುಗೆಯ ಎಣ್ಣೆ, ಹೊಲಿಗೆಯಂತ್ರದ ಎಣ್ಣೆ ಬೇಡ. ಈ ಪಾಲನೆಗೆ ದಿನಕ್ಕೆ ಕಾಲು ಗಂಟೆಯಷ್ಟು ಸಮಯ ಬೇಕಾದೀತು. ಆ ಕಾಲು ಗಂಟೆಯನ್ನು ಉಳಿಸಿದವನು ಮರುದಿನ ಅರ್ಧ ದಿನವನ್ನು ಕಳೆದುಕೊಳ್ಳುತ್ತಾನೆ.

ಉಪಕರಣಕ್ಕಿಂತಲೂ ಅಮೂಲ್ಯವಾದುದು ಅದನ್ನು ಹಿಡಿದವರ ಉಸಿರು. ಮಂಜಿನಂಥ ಬಣ್ಣವು ಪ್ರತಿಮೆಯ ಮೇಲೆ ಎಷ್ಟು ಸುಲಭವಾಗಿ ಕೂರುವುದೋ ಶ್ವಾಸಕೋಶದಲ್ಲಿಯೂ ಅಷ್ಟೇ ಸುಲಭವಾಗಿ ಕೂರುತ್ತದೆ. ಮೂಗಿಗೆ ಕಟ್ಟಿಕೊಂಡ ಕರವಸ್ತ್ರವು ಅದನ್ನು ತಡೆಯಲಾರದು. ನೀರಿನಲ್ಲಿ ಕಲಸುವ ಬಣ್ಣಕ್ಕೆ ಸೂಕ್ಷ್ಮ ಕಣಗಳನ್ನು ಸೋಸುವ ಮಾಸ್ಕ್, ಥಿನ್ನರ್ ಬೆರೆಸಿದ ಬಣ್ಣಕ್ಕೆ ಆವಿಯನ್ನೂ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್, ಜೊತೆಗೆ ಗಾಳಿಯಾಡುವ ಕೋಣೆ, ಇವು ಬೇಕೇ ಬೇಕು. ಮೋಟಾರು ಗಾಡಿಗಳಿಗೆ ಹಾಕುವ, ಗಟ್ಟಿಕಾರಕ ಬೆರೆಸುವ ಕೆಲವು ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ವಸ್ತು ಇರುತ್ತದೆ. ಅದು ಉಬ್ಬಸವನ್ನು ತರಬಲ್ಲದು. ಸರಿಯಾದ ಸಲಕರಣೆಯಿಲ್ಲದೆ ಅದರ ಗೊಡವೆಗೆ ಹೋಗಕೂಡದು. ಥಿನ್ನರಿನ ಆವಿಯು ಬೆಂಕಿಗೆ ಹಾತೊರೆಯುವಂಥದು. ದೇವಾಲಯದಲ್ಲಿ ಮೇಣದಬತ್ತಿಗಳೂ ದೀಪವೂ ಉರಿಯುತ್ತಿರುವುದರಿಂದ, ಈ ಕೆಲಸವನ್ನು ದೇವಾಲಯದ ಒಳಗೆ ಎಂದಿಗೂ ಮಾಡಬಾರದೆಂದು ಒತ್ತಿ ಹೇಳುತ್ತೇವೆ. ಇನ್ನೊಂದು ಎಚ್ಚರಿಕೆ: ಮನೆಗಳಿಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸವಿರಬಹುದು. ಹಳೆಯ ಬಣ್ಣವನ್ನು ಎಮರಿ ಕಾಗದದಿಂದ ಒಣಗಿದಂತೆಯೇ ಉಜ್ಜಿ ಆ ಧೂಳನ್ನು ಮಕ್ಕಳಿರುವ ಕಡೆ ಹರಡಬಾರದು.

ಹಳೆಯ ಬಣ್ಣದ ಮಾತು ಬಂದಿತು. ನಾವು ಇಲ್ಲಿಗೆ ಬಂದುದರ ಮುಖ್ಯ ಉದ್ದೇಶವೂ ಅದೇ. ನಿಮ್ಮ ಹಿರಿಯರು ಯಾವ ಮುಖವನ್ನು ನೋಡುತ್ತಾ ಪ್ರಾರ್ಥಿಸಿದರೋ, ಯಾವ ಪಾದವನ್ನು ಮುಟ್ಟಿ ಮುಟ್ಟಿ ಬಣ್ಣ ಸವೆಯಿಸಿದರೋ, ಅದರ ಮೇಲೆ ಶತಮಾನೋತ್ಸವದ ಸಂಭ್ರಮದಲ್ಲಿ ಹೊಸ ಬಣ್ಣವನ್ನು ಸಿಂಪಡಿಸಲು ಹತ್ತು ನಿಮಿಷ ಸಾಕು. ಕೆಳಗಿನ ಮೂಲವರ್ಣವನ್ನು ಮರಳಿ ಪಡೆಯಲು ತಜ್ಞರಿಗೆ ತಿಂಗಳುಗಳೇ ಬೇಕಾದಾವು, ಕೆಲವೊಮ್ಮೆ ಅದು ಎಂದಿಗೂ ದೊರೆಯದು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1189ನೆಯ ವಿಧಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರಾಚೀನತೆಯಿಂದಲೋ ಕಲೆಯಿಂದಲೋ ಜನರ ಭಕ್ತಿಯಿಂದಲೋ ಅಮೂಲ್ಯವೆನಿಸಿದ, ದೇವಾಲಯದಲ್ಲಿ ಭಕ್ತರ ವಂದನೆಗೆ ಇರಿಸಿದ ಸ್ವರೂಪಗಳನ್ನು ಧರ್ಮಾಧ್ಯಕ್ಷರೇ ಮೊದಲಾದ ಅಧಿಕಾರವುಳ್ಳವರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಕೂಡದು. ಅವರೂ ತಜ್ಞರನ್ನು ಕೇಳಿಯೇ ಅನುಮತಿ ಕೊಡಬೇಕು. ಇದು ಯುವಜನರ ಉತ್ಸಾಹಕ್ಕೆ ಹಾಕಿದ ಬೇಲಿಯಲ್ಲ, ಮುಂದಿನ ಪೀಳಿಗೆಯ ಆಸ್ತಿಗೆ ಹಾಕಿದ ಬೇಲಿ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಅದರ ಗೋಡೆ ಮತ್ತು ಛಾವಣಿಗಳಲ್ಲಿ ಚಿತ್ರಗಳನ್ನು ಬರೆದರು. ಏರ್ ಬ್ರಶ್ ಅದಾಗಲೇ ಹುಟ್ಟಿಯಾಗಿತ್ತು, ಅವರು ಬರೆದುದು ಮಾತ್ರ ಕುಂಚದಿಂದ. ಆ ಚಿತ್ರಗಳ ಬಣ್ಣ ಮಾಸಿದೆಯೆಂದು ಯಾರಾದರೂ ಅವುಗಳ ಮೇಲೆ ಹೊಸ ಬಣ್ಣವನ್ನು ಸಿಂಪಡಿಸಿದರೆ ಒಪ್ಪುವಿರಾ? ನಿಮ್ಮ ದೇವಾಲಯದ ಅನಾಮಧೇಯ ಶಿಲ್ಪಿಯ ಕೈಕೆಲಸಕ್ಕೂ ಅದೇ ನ್ಯಾಯ ಸಲ್ಲಬೇಕು. ಹಳೆಯ ಸ್ವರೂಪಗಳ ಧೂಳನ್ನು ಒಣಗಿದ ಮೆತ್ತನೆಯ ಕುಂಚದಿಂದ ತೆಗೆಯಿರಿ. ಬಣ್ಣವು ಹಪ್ಪಳೆಯಾಗಿ ಎದ್ದಿದ್ದರೆ ಅದನ್ನೂ ಮುಟ್ಟಬೇಡಿರಿ. ಸೋಪಿನ ನೀರು ಬೇಡ. ನಾಲ್ಕು ಕಡೆಯಿಂದಲೂ ಛಾಯಾಚಿತ್ರ ತೆಗೆದಿಡಿರಿ. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್‌ನಂಥ ಸಂಸ್ಥೆಗಳ ಸಂರಕ್ಷಣಾ ತಜ್ಞರ ಸಲಹೆಯನ್ನು ಗುರುಗಳ ಮೂಲಕ ಕೇಳಿರಿ.

ಹಾಗಾದರೆ ಈ ವಿದ್ಯೆಯಿಂದ ಏನು ಪ್ರಯೋಜನವೆಂದು ಕೇಳುವಿರಿ. ಗೋದಲಿಯ ಹೊಸ ಬೊಂಬೆಗಳಿವೆ, ಉತ್ಸವದ ಹಿನ್ನೆಲೆ ಪರದೆಗಳಿವೆ, ನಾಟಕದ ರಂಗಸಜ್ಜಿಕೆಯಿದೆ, ಹೊಸದಾಗಿ ಎರಕ ಹೊಯ್ಯುವ ಪ್ರತಿಮೆಗಳಿವೆ, ಊರಿನ ವಾಹನಗಳಿವೆ. ಶ್ರದ್ಧೆಯಿಂದ ಕಲಿತವರಿಗೆ ಇದು ಜೀವನೋಪಾಯವೂ ಆಗಬಲ್ಲದು. ಕಲಿಯುವವರು ಬೆಲೆಬಾಳುವ ಉಪಕರಣವನ್ನು ಕೊಳ್ಳಬೇಕೆಂದಿಲ್ಲ. ಒಂದು ಸಾಧಾರಣ ಏರ್ ಬ್ರಶ್ಶನ್ನು ನಾಲ್ವರು ಹಂಚಿಕೊಂಡು, ಪ್ರತಿಯೊಬ್ಬರೂ ತಾವು ಬಳಸಿದ ಮೇಲೆ ತೊಳೆದು, ಮುಂದಿನವರಿಗೆ ನಿರ್ಮಲವಾಗಿ ಒಪ್ಪಿಸುವ ಅಭ್ಯಾಸವನ್ನು ಮೊದಲು ಬೆಳೆಸಿಕೊಳ್ಳಿರಿ. ಮುಂದಿನವರ ಕೈಗೆ ನಿರ್ಮಲವಾಗಿ ಒಪ್ಪಿಸುವುದೆಂಬ ಆ ನಿಯಮವು ಏರ್ ಬ್ರಶ್ಶಿಗೆ ಹೇಗೋ ಈ ದೇವಾಲಯದ ಹಳೆಯ ಸ್ವರೂಪಗಳಿಗೂ ಹಾಗೆಯೇ.  ಇನ್ನು ಮೇಜಿನ ಬಳಿಗೆ ಬನ್ನಿರಿ. ಮೊದಲ ಪಾಠವಾಗಿ ಸೂಜಿಯನ್ನು ಬಿಚ್ಚಿ ಒರಸುವುದನ್ನು ಕಲಿಯೋಣ.